ಪುಟ್ಟ ಹಡಗಿನ ದೊಡ್ಡ ಲೆಕ್ಕಾಚಾರ

ಚಿಕ್ಕದಾಗಿರುವುದೂ ಒಂದು ಬಲವೇ? ಬ್ರಿಟನ್ನಿನ ಹಾಯಿ ಯುದ್ಧನೌಕೆ ‘ಸ್ಪೀಡಿ’ಯ ಕಥೆ ಕೇಳಿ. 1782ರಲ್ಲಿ ನೀರಿಗಿಳಿದ ಈ ನೌಕೆಯಲ್ಲಿದ್ದದ್ದು 14 ಸಣ್ಣ ಫಿರಂಗಿಗಳು. ಗುಂಡೊಂದರ ತೂಕ ಎರಡು ಕಿಲೋಗಿಂತ ಕಡಿಮೆ. 1801ರ ಮೇ 6ರಂದು ಬಾರ್ಸಿಲೋನಾ ಬಳಿ, 54 ಮಂದಿಯಿದ್ದ ಸ್ಪೀಡಿಗೆ ಎದುರಾದದ್ದು 32 ಫಿರಂಗಿ, 319 ಜನರಿದ್ದ ಸ್ಪೇನಿನ ‘ಗಾಮೋ’.

ಕಪ್ತಾನ ಥಾಮಸ್ ಕಾಕ್ರನ್ ಹಿಂಜರಿಯದೆ ಶತ್ರುವಿನ ಪಕ್ಕಕ್ಕೇ ಹಡಗನ್ನು ತಂದ. ಎತ್ತರದ ಗಾಮೋ ಹಾರಿಸಿದ ಗುಂಡುಗಳು ಕುಳ್ಳ ಸ್ಪೀಡಿಯ ಮೇಲಿಂದ ಹಾರಿಹೋದವು. ಸ್ಪೀಡಿಯ ಗುಂಡುಗಳು ಕೆಳಗಿನಿಂದ ಗಾಮೋದ ಹಲಗೆಗಳನ್ನು ಸೀಳಿದವು. ಕೊನೆಗೆ ಚುಕ್ಕಾಣಿಯನ್ನು ವೈದ್ಯನ ಕೈಗೊಪ್ಪಿಸಿ, ಉಳಿದವರು ಗಾಮೋವನ್ನೇರಿ ಗೆದ್ದರು.

ಆದರೆ ಜುಲೈ 3ರಂದು ಫ್ರಾನ್ಸಿನ ಮೂರು ಭಾರೀ ಯುದ್ಧನೌಕೆಗಳು ಬೆನ್ನಟ್ಟಿದಾಗ ಅದೇ ಕಪ್ತಾನ ಶರಣಾಗಬೇಕಾಯಿತು. ಧೈರ್ಯ ಕುಂದಿರಲಿಲ್ಲ, ಶತ್ರುವಿನ ಪಕ್ಕ ಸೇರುವ ಅವಕಾಶ ಸಿಗಲಿಲ್ಲ. ಯೋಚಿಸಿ: ಗೆಲುವಿನಲ್ಲಿ ಧೈರ್ಯದ ಪಾಲೆಷ್ಟು, ಕೋನಮಾನದ ಪಾಲೆಷ್ಟು?