ಒದೆಯುವ ಸರದಿ

ಹೆಣ್ಣುಮಗಳು ಕಾಲೆತ್ತಿ ಒದೆಯುತ್ತಾಳೆಂದರೆ ನಮ್ಮ ಮನೆಗಳಲ್ಲಿ ಈಗಲೂ ಹುಬ್ಬು ಮೇಲೇರುತ್ತವೆ. ಕಾಲು ಮಡಿಸಿ ಕೂರು, ಕಾಲು ಚಾಚಬೇಡ ಎನ್ನಿಸಿಕೊಂಡೇ ಬೆಳೆದವರಲ್ಲವೇ ನಾವು! ಕಿಕ್ ಬಾಕ್ಸಿಂಗ್‌ನ ಚರಿತ್ರೆಯಲ್ಲಿ ನನ್ನ ಕಣ್ಣು ನಿಂತದ್ದು ಮಾತ್ರ ಒದ್ದು ಗೆದ್ದವರ ಮೇಲಲ್ಲ, ಅಭ್ಯಾಸದಲ್ಲಿ ಎದುರು ನಿಂತು ಒದೆ ತಿನ್ನುವ ಜೊತೆಗಾರರ ಮೇಲೆ.

ಈ ಒದೆತದ ತವರು ಥಾಯ್ಲೆಂಡ್. ಅಲ್ಲಿನ ಮುಯ್ ಥಾಯ್‌ನಲ್ಲಿ ಪಕ್ಕದಿಂದ ಬೀಸಿ ಒದೆಯುವಾಗ ತಾಗಬೇಕಾದ್ದು ಪಾದವಲ್ಲ, ಮೊಣಕಾಲ ಕೆಳಗಿನ ಎಲುಬು. ನೆಲದಲ್ಲಿ ನಿಂತ ಕಾಲಿನ ಹಿಮ್ಮಡಿ ತಿರುಗಬೇಕು, ಸೊಂಟ ಜೊತೆಗೇ ಹೊರಳಬೇಕು. ಎದುರಿನವರು ಎರಡೂ ಮುಂಗೈಗೆ ದಪ್ಪ ಪ್ಯಾಡ್ ಕಟ್ಟಿಕೊಂಡು, ಜೋಡಿಸಿ ಹಿಡಿದು, ಒದೆ ಬೀಳುವ ಕ್ಷಣಕ್ಕೆ ತಾವೂ ಒಂದಿಷ್ಟು ಮುಂದಕ್ಕೆ ಒತ್ತಬೇಕು. ಸಡಿಲ ಬಿಟ್ಟರೆ ಒದ್ದವರು ತೂಕ ತಪ್ಪಿ ಹೊರಳುತ್ತಾರೆ, ಹಿಡಿದವರ ಮಣಿಕಟ್ಟು ನೋಯುತ್ತದೆ. ಒಂದೇ ಒರಳಿಗೆ ಇಬ್ಬರು ಒನಕೆ ಹಾಕುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

1960ರ ದಶಕದ ಮೊದಲ ವರ್ಷಗಳಲ್ಲಿ ಜಪಾನಿನ ಮೂವರು ಕರಾಟೆ ಪಟುಗಳು ಬ್ಯಾಂಕಾಕಿನ ಲುಂಪಿನಿ ಕ್ರೀಡಾಂಗಣದಲ್ಲಿ ಥಾಯ್ ಪಟುಗಳೊಡನೆ ಸೆಣಸಿದರು. ಇಬ್ಬರು ಗೆದ್ದರು. ಸೋತವರು ಕೆಂಜಿ ಕುರೊಸಾಕಿ. ಮುಂದಿನ ಕಥೆ ಬೆಳೆದದ್ದು ಹೆಚ್ಚಾಗಿ ಈ ಸೋತವರಿಂದಲೇ ಎನ್ನಿ. 1966ರಲ್ಲಿ ಒಸಾಮು ನೊಗುಚಿ ಎಂಬ ಪಂದ್ಯ ಸಂಘಟಕರು ‘ಕಿಕ್ ಬಾಕ್ಸಿಂಗ್’ ಎಂಬ ಹೆಸರನ್ನು ಚಲಾವಣೆಗೆ ತಂದರು. ಕುರೊಸಾಕಿ ಟೋಕಿಯೋದಲ್ಲಿ ಮೆಜಿರೊ ಎಂಬ ಗರಡಿ ತೆರೆದರು. ಅವರ ಬಳಿ ಕಲಿತ ಯಾನ್ ಪ್ಲಾಸ್ 1978ರಲ್ಲಿ ಅದೇ ಹೆಸರಿನ ಗರಡಿಯನ್ನು ಆಮ್‌ಸ್ಟರ್‌ಡ್ಯಾಮಿನಲ್ಲಿ ಕಟ್ಟಿದರು.

ಡಚ್ಚರು ಪ್ಯಾಡಿಗಿಂತ ಜೋಡಿ ಅಭ್ಯಾಸವನ್ನು ನೆಚ್ಚಿಕೊಂಡರು. ಇಬ್ಬರಿಗೂ ಕೈಗೆ ಗ್ಲೌಸು, ಕಾಲಿಗೆ ಮೆತ್ತೆಯ ಪಟ್ಟಿ. ಒಬ್ಬಳು ಎರಡು ಮೂರು ಗುದ್ದು ಕೊಟ್ಟು, ತೊಡೆಗೆ ಒದ್ದು ಮುಗಿಸುತ್ತಾಳೆ. ಇನ್ನೊಬ್ಬಳು ಗುದ್ದನ್ನು ಗ್ಲೌಸಿನಿಂದ ತಡೆದು, ಕಾಲೆತ್ತಿ ಒದೆಯನ್ನು ಮುರಿದು, ಮರುಕ್ಷಣವೇ ತನ್ನ ಸರದಿ ತೀರಿಸುತ್ತಾಳೆ. ಪೂರ್ತಿ ಬಲ ಹಾಕಿದರೆ ನಾಳೆ ಜೊತೆಗೆ ಯಾರೂ ಬರುವುದಿಲ್ಲ. ಮುದ್ದು ಮಾಡಿದಂತೆ ಒದ್ದರೆ ಇಬ್ಬರಿಗೂ ಕಲಿಕೆಯಿಲ್ಲ.

1967ರಲ್ಲಿ ಇದೇ ಊರಿನಲ್ಲಿ ಹುಟ್ಟಿದ ಲೂಸಿಯಾ ರೈಕರ್ ಮೂವತ್ತಕ್ಕೂ ಹೆಚ್ಚು ಪಂದ್ಯ ಆಡಿ, ಯಾವ ಹೆಂಗಸಿಗೂ ಸೋಲಲಿಲ್ಲ. 1994ರಲ್ಲಿ ಥಾಯ್ ಗಂಡಸೊಬ್ಬನೊಡನೆ ನಡೆದ ಪ್ರದರ್ಶನ ಪಂದ್ಯದಲ್ಲಿ ಸೋತರು. ಆಕೆಯ ಗೆಲುವುಗಳ ಮಾತು ಬಂದಾಗಲೆಲ್ಲ ಈ ಒಂದು ಸೋಲನ್ನೂ ಜೊತೆಗೆ ಹೇಳುತ್ತಾರೆ. ನಾನೂ ಹೇಳಿದೆ ನೋಡಿ!

ಇಷ್ಟಾದರೂ ತವರಿನ ಬಾಗಿಲು ಮುಚ್ಚಿಯೇ ಇತ್ತು. ಥಾಯ್ ಗರಡಿಗಳಲ್ಲಿ ಹೆಂಗಸರು ಬೆವರು ಸುರಿಸಿ ಒದೆ ಕಲಿಯುತ್ತಿದ್ದರು. ಆದರೆ 1956ರಲ್ಲಿ ಆರಂಭವಾದ, ಸೈನ್ಯದ ಆಡಳಿತದ ಲುಂಪಿನಿಯಲ್ಲಿ ಅವರು ಅಂಕಣವನ್ನು ಮುಟ್ಟುವಂತಿರಲಿಲ್ಲ. ಮುಟ್ಟಾಗುವವಳು ಮುಟ್ಟಿದರೆ ಅಂಕಣದ ಮಂತ್ರರಕ್ಷೆ ಕೆಡುತ್ತದೆಂಬ ನಂಬಿಕೆ. ನಮಗೇನು ಇದು ಹೊಸ ಮಾತೇ? ಬೇರೆಡೆ ಹೆಂಗಸರ ಪಂದ್ಯಗಳು ನಡೆದಾಗಲೂ ಗಂಡಸರು ಹಗ್ಗದ ಮೇಲಿಂದ ದಾಟಿ ಒಳಗೆ ಬಂದರೆ, ಹೆಂಗಸರು ಕೆಳಹಗ್ಗದಡಿ ನುಸುಳುವುದು ವಾಡಿಕೆ.

ಕೊರೊನಾದಿಂದ ಮುಚ್ಚಿದ್ದ ಲುಂಪಿನಿ 2021ರ ನವೆಂಬರಿನಲ್ಲಿ ಮತ್ತೆ ತೆರೆಯಿತು. ಮಡಿಯನ್ನು ಕದಲಿಸಲು ಒಂದು ಮಹಾಮಾರಿಯೇ ಬೇಕಾಯಿತೋ ಏನೋ. ಆ ತಿಂಗಳು, ಅಲ್ಲಿ ಮೊದಲ ಬಾರಿಗೆ, ಇಬ್ಬರು ಹೆಂಗಸರು ಎದುರುಬದುರು ನಿಂತು ಒದೆದಾಡಿದರು.