ಕೇಸಿ ಜೋನ್ಸ್: ಹಾಡಾಗಿ ಉಳಿದ ರೈಲು ಡ್ರೈವರ್

"ಚಾಲಕನ ಅಜಾಗರೂಕತೆಯೇ ಅಪಘಾತಕ್ಕೆ ಕಾರಣ ಎನ್ನಲಾಗಿದೆ."

ಈ ಒಂದು ವಾಕ್ಯವನ್ನು ನಾವು ಎಷ್ಟು ಸಲ ಬರೆದಿದ್ದೇವೋ ಲೆಕ್ಕವಿಲ್ಲ. ಲಾರಿ ಪಲ್ಟಿಯಾದರೂ ಅದೇ, ಟೆಂಪೊ ಮರಕ್ಕೆ ಗುದ್ದಿದರೂ ಅದೇ. ಠಾಣೆಯಿಂದ ಫೋನಿನಲ್ಲಿ ನಾಲ್ಕು ಮಾತು ಕೇಳಿಕೊಂಡು ರಾತ್ರಿ ಎಂಟರೊಳಗೆ ಸುದ್ದಿ ಕಳಿಸಬೇಕು. ಡ್ರೈವರ್ ಸತ್ತಿದ್ದರಂತೂ ಇನ್ನೂ ಸಲೀಸು. ಅಲ್ಲ ಎನ್ನಲು ಅವನೇ ಇರುವುದಿಲ್ಲ.

ಕೆಲವು ವರ್ಷಗಳ ಹಿಂದೆ ಹೀಗೆ ಬರೆದ ಒಂದು ಸುದ್ದಿಯ ಕಟಿಂಗ್ ಹಿಡಿದುಕೊಂಡು ಒಬ್ಬ ಹೆಣ್ಣುಮಗಳು ನಮ್ಮನ್ನು ಹುಡುಕಿಕೊಂಡು ಬಂದರು. ಸತ್ತ ಡ್ರೈವರನ ಹೆಂಡತಿ. "ಎರಡು ದಿನದಿಂದ ನಿದ್ದೆ ಇಲ್ಲದೆ ಗಾಡಿ ಓಡಿಸ್ತಿದ್ರು ಸಾರ್. ಇನ್ನೊಬ್ಬ ಡ್ರೈವರ್ ಬರಲಿಲ್ಲ ಅಂತ ಇವರನ್ನೇ ಮತ್ತೆ ಕಳಿಸಿದ್ರು. ಅದನ್ನ ಯಾಕೆ ಬರೀಲಿಲ್ಲ ನೀವು?" ಎಂದು ಕೇಳಿದರು. ನಮ್ಮ ಹತ್ತಿರ ಉತ್ತರ ಇರಲಿಲ್ಲ. ನಾವು ಅದನ್ನು ಕೇಳಿಯೇ ಇರಲಿಲ್ಲ.

ಆವತ್ತಿನಿಂದ ನಮಗೆ ಆಗಾಗ ನೆನಪಾಗುವವನು 1900ರಲ್ಲಿ ಅಮೆರಿಕದಲ್ಲಿ ಸತ್ತ ಒಬ್ಬ ರೈಲು ಡ್ರೈವರ್. ಹೆಸರು ಕೇಸಿ ಜೋನ್ಸ್. ಅವನದೂ ಇಂಥದ್ದೇ ಕತೆ. ಇನ್ನೊಬ್ಬ ಬರಲಿಲ್ಲವೆಂದು ಮತ್ತೆ ಡ್ಯೂಟಿ ಹತ್ತಿದ, ಹೊತ್ತು ಮೀರಿದ ಗಾಡಿಯನ್ನು ಓಡಿಸಿದ, ಸತ್ತ. ವರದಿ ಬರೆದವರು ತಪ್ಪೆಲ್ಲ ಅವನದೇ ಎಂದರು. ಜನ ಮಾತ್ರ ಅವನ ಮೇಲೆ ಹಾಡು ಕಟ್ಟಿದರು.

ಊರಿನ ಹೆಸರೇ ಅಡ್ಡಹೆಸರು

ಬೆಂಗಳೂರಿಗೆ ಮೊದಲ ರೈಲು ಬಂದದ್ದು 1864ರಲ್ಲಿ. ಅದಕ್ಕೆ ಒಂದು ವರ್ಷ ಮೊದಲು, 1863ರಲ್ಲಿ, ಹುಟ್ಟಿದವನು ಈ ಜಾನ್ ಲೂಥರ್ ಜೋನ್ಸ್. ಬೆಳೆದದ್ದು ಕೆಂಟಕಿ ರಾಜ್ಯದ ಕೇಸಿ ಎಂಬ ಹಳ್ಳಿಯ ಹತ್ತಿರ. ರೈಲ್ವೆಯಲ್ಲಿ ಜೋನ್ಸ್ ಎನ್ನುವವರು ತುಂಬ ಜನ. ಹಾಗಾಗಿ ಯಾವ ಊರಿನ ಜೋನ್ಸ್ ಎಂದು ಗುರುತು ಹಿಡಿಯಲು ಊರಿನ ಹೆಸರನ್ನೇ ಮುಂದೆ ಸೇರಿಸಿದರು. ನಮ್ಮ ಹಳ್ಳಿಗಳಲ್ಲಿ ಮಾಡುವುದೂ ಅದನ್ನೇ ಅಲ್ಲವೇ?

ಹದಿನೈದನೇ ವಯಸ್ಸಿಗೇ ರೈಲ್ವೆ ಸೇರಿದ. ಮೊದಲು ತಂತಿ ಕಳಿಸುವ ಕೆಲಸ, ಆಮೇಲೆ ಫ್ಲಾಗ್‌ಮನ್, 1888ರಲ್ಲಿ ಇಲಿನಾಯ್ ಸೆಂಟ್ರಲ್ ಎಂಬ ರೈಲು ಕಂಪನಿಯಲ್ಲಿ ಫೈರ್‌ಮನ್. ಹಿಂದಿನ ವರ್ಷ ಹಳದಿ ಜ್ವರ ಬಂದು ಆ ಕಂಪನಿಯ ಎಷ್ಟೋ ಕೆಲಸಗಾರರು ಹಾಸಿಗೆ ಹಿಡಿದಿದ್ದರು, ಕೆಲವರು ಸತ್ತಿದ್ದರು. ಆ ಜಾಗಗಳು ಖಾಲಿಯಾದದ್ದರಿಂದ ಹೊಸಬರು ಬೇಗ ಮೇಲೆ ಬಂದರು. 1891ರಲ್ಲಿ ಅವನು ಡ್ರೈವರ್ ಆದ. ಅಮೆರಿಕದಲ್ಲಿ ಈ ಕೆಲಸಕ್ಕೆ ಎಂಜಿನಿಯರ್ ಎನ್ನುತ್ತಾರೆ. ನಮ್ಮಲ್ಲಿ ಮೊದಲು ಡ್ರೈವರ್ ಎಂದಿದ್ದದ್ದು ಈಗ ಲೋಕೊ ಪೈಲಟ್ ಆಗಿದೆ.

ಆ ಕಾಲದಲ್ಲಿ ಡ್ರೈವರ್ ತನ್ನ ಎಂಜಿನ್ನಿಗೆ ತನ್ನದೇ ಸೀಟಿ ಹಾಕಿಸಿಕೊಳ್ಳಬಹುದಿತ್ತು. ಕೇಸಿಯದು ಆರು ಕೊಳವೆಯ ಸೀಟಿ. ಸಣ್ಣಗೆ ಶುರುವಾಗಿ, ಏರಿ, ಮತ್ತೆ ಇಳಿಯುವಂತೆ ಊದುತ್ತಿದ್ದ. ಹಳಿಯ ಪಕ್ಕದ ಊರುಗಳಲ್ಲಿ ಮಲಗಿದ್ದವರು ಸದ್ದು ಕೇಳಿಯೇ "ಕೇಸಿ ಹೋದ" ಎನ್ನುತ್ತಿದ್ದರಂತೆ.

ಅವನ ಧೈರ್ಯದ ಬಗ್ಗೆ ಒಂದು ಕತೆಯನ್ನು ಇಂದಿಗೂ ಹೇಳುತ್ತಾರೆ. ಒಮ್ಮೆ ಜೊತೆಯವನ ಕೈಗೆ ಎಂಜಿನ್ ಕೊಟ್ಟು, ಓಡುವ ಗಾಡಿಯ ಹೊರಗೆ ನಿಂತು ಏನೋ ಸರಿಮಾಡುತ್ತಿದ್ದ. ಮುಂದೆ ಹಳಿ ದಾಟುತ್ತಿದ್ದ ಮಕ್ಕಳಲ್ಲಿ ಒಂದು ಪುಟ್ಟ ಹುಡುಗಿ ಹೆದರಿ ಅಲ್ಲೇ ನಿಂತುಬಿಟ್ಟಳು. ಕೇಸಿ ಎಂಜಿನ್ನಿನ ಮೂತಿಯ ತನಕ ಹೋಗಿ, ದನ ತಳ್ಳಲು ಇರುವ ಕಬ್ಬಿಣದ ಜಾಲರಿಯ ಮೇಲೆ ಕಾಲು ಊರಿ, ಬಗ್ಗಿ ಆ ಮಗುವನ್ನು ಎತ್ತಿಕೊಂಡ.

ಇನ್ನೊಂದು ಮುಖವನ್ನೂ ಹೇಳಬೇಕು. ನಿಯಮ ಮುರಿದದ್ದಕ್ಕೆ ಒಂಬತ್ತು ಸಲ ಶಿಕ್ಷೆ ಅನುಭವಿಸಿದ್ದ. ಎಲ್ಲ ಸೇರಿ 145 ದಿನ ಕೆಲಸದಿಂದ ಹೊರಗಿದ್ದ. ಗಾಡಿ ಹೊತ್ತಿಗೆ ಸರಿಯಾಗಿ ತಲುಪಲೇಬೇಕು ಎನ್ನುವ ಹಟದವನು. ಕಂಪನಿಗೆ ಬೇಕಾದದ್ದೂ ಆ ಹಟವೇ. ಹಾಗಾಗಿಯೇ 1900ರ ಆರಂಭದಲ್ಲಿ ಅವನನ್ನು ಮೆಂಫಿಸ್ ಊರಿನಿಂದ ಕ್ಯಾಂಟನ್ ಊರಿನವರೆಗಿನ ವೇಗದ ಪ್ಯಾಸೆಂಜರ್ ಗಾಡಿಗೆ ಹಾಕಿದರು. ದೂರ 188 ಮೈಲಿ, ಅಂದರೆ ಸುಮಾರು 302 ಕಿಲೋಮೀಟರ್.

95 ನಿಮಿಷ ತಡ

1900ರ ಏಪ್ರಿಲ್ 29ರ ರಾತ್ರಿ. ಕೇಸಿ ಕ್ಯಾಂಟನ್ನಿನಿಂದ ಗಾಡಿ ತಂದು ಮೆಂಫಿಸ್‌ನಲ್ಲಿ ನಿಲ್ಲಿಸಿದ್ದ. ಅವನ ಡ್ಯೂಟಿ ಅಲ್ಲಿಗೆ ಮುಗಿದಿತ್ತು. ಆದರೆ ವಾಪಸ್ ಹೋಗುವ ಒಂದನೇ ನಂಬರ್ ಗಾಡಿಯ ಡ್ರೈವರ್ ಹುಷಾರಿಲ್ಲದೆ ಬಂದಿರಲಿಲ್ಲ. ಹೋಗುತ್ತೀಯಾ ಎಂದು ಕೇಳಿದರು. ಕೇಸಿ ಹೂಂ ಎಂದ. ಎಂಜಿನ್ನಿನ ನಂಬರ್ 382. ಫೈರ್‌ಮನ್ ಆಗಿ ಸಿಮ್ ವೆಬ್ ಹತ್ತಿದ.

ಗಾಡಿ ಹೊರಟದ್ದು ನಡುರಾತ್ರಿ 12:50ಕ್ಕೆ. ಅಷ್ಟೊತ್ತಿಗೆ 95 ನಿಮಿಷ ತಡವಾಗಿತ್ತು. ಕ್ಯಾಂಟನ್ ತಲುಪಬೇಕಾದ ಹೊತ್ತು ಬೆಳಗಿನ ಜಾವ 4:05. ಲೆಕ್ಕ ಹಾಕಿ ನೋಡಿ: 302 ಕಿಲೋಮೀಟರ್, ಮೂರೂಕಾಲು ಗಂಟೆ. ನಡುವೆ ಸ್ಟೇಷನ್ನುಗಳಲ್ಲಿ ನಿಲ್ಲಬೇಕು, ನೀರು ತುಂಬಿಸಬೇಕು. ಹೊರಗೆ ಮಳೆ ಮತ್ತು ಮಂಜು.

ಉಗಿ ಎಂಜಿನ್ನಿನ ವೇಗ ಡ್ರೈವರ್ ಒಬ್ಬನ ಕೈಯಲ್ಲಿ ಇರುತ್ತಿರಲಿಲ್ಲ. ಫೈರ್‌ಮನ್ ಸಲಿಕೆಯಿಂದ ಕಲ್ಲಿದ್ದಲು ಎತ್ತಿ ಬೆಂಕಿಯ ಬಾಯಿಗೆ ಹಾಕುತ್ತಲೇ ಇರಬೇಕು. ಒಂದು ಕಡೆ ಗುಡ್ಡೆಯಾಗಬಾರದು, ಇನ್ನೊಂದು ಕಡೆ ಬರಿದಾಗಬಾರದು. ಬೆಂಕಿ ಸಮವಾಗಿದ್ದರೆ ಮಾತ್ರ ಉಗಿಯ ಒತ್ತಡ ಇಳಿಯುವುದಿಲ್ಲ. ಆ ರಾತ್ರಿ ಗಾಡಿ ಹಾಗೆ ಓಡಿತೆಂದರೆ ಅರ್ಧ ಶ್ರಮ ಸಿಮ್ ವೆಬ್‌ನದು.

ವೆಬ್ ಕಪ್ಪು ಜನಾಂಗದವನು. ಆಗಿನ ದಕ್ಷಿಣ ಅಮೆರಿಕನ್ ರಾಜ್ಯಗಳ ರೈಲ್ವೆಯಲ್ಲಿ ಕಪ್ಪು ಜನರಿಗೆ ಫೈರ್‌ಮನ್ ಕೆಲಸ ಸಿಗುತ್ತಿತ್ತು, ಡ್ರೈವರ್ ಕುರ್ಚಿ ಸಿಗುತ್ತಿರಲಿಲ್ಲ. ಎಷ್ಟೇ ವರ್ಷ ದುಡಿದರೂ ಸಲಿಕೆಯೇ ಗತಿ. ಯಾಕೆ ಎಂದು ನಮ್ಮ ಊರುಗಳ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಸ್ಟೇಷನ್ ಒಂದೊಂದು ದಾಟಿದಂತೆ ತಡ ಕರಗುತ್ತ ಬಂತು. ಕ್ಯಾಂಟನ್ ಹತ್ತಿರವಾಗುವ ಹೊತ್ತಿಗೆ ಉಳಿದದ್ದು ಕೆಲವೇ ನಿಮಿಷ. ಮುಂದಿದ್ದದ್ದು ವಾನ್ ಎಂಬ ಸಣ್ಣ ಸ್ಟೇಷನ್.

ಒಂದು ರಬ್ಬರ್ ಪೈಪು

ವಾನ್‌ನಲ್ಲಿ ಎರಡು ಉದ್ದನೆಯ ಗೂಡ್ಸ್ ಗಾಡಿಗಳು ಪಕ್ಕದ ಹಳಿಯಲ್ಲಿ ನಿಂತಿದ್ದವು. ಎರಡನ್ನೂ ಸೇರಿಸಿದರೆ ಆ ಹಳಿಗಿಂತ ಉದ್ದ. ಬಾಲ ಮುಖ್ಯ ಹಳಿಯ ಮೇಲೆ ಚಾಚುತ್ತಿತ್ತು. ಇಂಥ ಕಡೆ ಗಾಡಿಗಳನ್ನು ಹಿಂದೆ ಮುಂದೆ ಸರಿಸುತ್ತ, ಬರುವ ಗಾಡಿಗೆ ಮೊದಲು ಒಂದು ತುದಿ, ಆಮೇಲೆ ಇನ್ನೊಂದು ತುದಿ ಬಿಡಿಸಿಕೊಡುತ್ತಿದ್ದರು. ಇಕ್ಕಟ್ಟಿನ ರಸ್ತೆಯಲ್ಲಿ ಎರಡು ಎತ್ತಿನ ಗಾಡಿ ಎದುರಾದರೆ ನಾವು ಮಾಡುವಂತೆಯೇ.

ಹಾಗೆ ಸರಿಸುತ್ತಿರುವಾಗ ಒಂದು ಗೂಡ್ಸ್ ಗಾಡಿಯ ಗಾಳಿ ಪೈಪು ಒಡೆಯಿತು. ಗಾಳಿ ಬ್ರೇಕಿನ ಗುಣ ಏನೆಂದರೆ, ಪೈಪಿನಲ್ಲಿ ಗಾಳಿಯ ಒತ್ತಡ ಇರುವ ತನಕ ಚಕ್ರ ಬಿಡುತ್ತದೆ, ಗಾಳಿ ಸೋರಿತೆಂದರೆ ತಾನೇ ಹಿಡಿಯುತ್ತದೆ. ಡಬ್ಬಿಗಳು ಕಳಚಿಕೊಂಡರೆ ಓಡಿಹೋಗಬಾರದು ಎಂದು ಮಾಡಿದ ಉಪಾಯ ಅದು. ಆ ರಾತ್ರಿ ಅದೇ ಉಪಾಯ ಗಾಡಿಯನ್ನು ಕದಲದಂತೆ ಕಟ್ಟಿಹಾಕಿತು. ನಾಲ್ಕು ಡಬ್ಬಿಗಳು ಮುಖ್ಯ ಹಳಿಯ ಮೇಲೆಯೇ ಉಳಿದವು.

ಎಡಕ್ಕೆ ಬಾಗುವ ಉದ್ದನೆಯ ತಿರುವಿನಲ್ಲಿ ಕೇಸಿಯ ಗಾಡಿ ಬಂತು. ಡ್ರೈವರ್ ಕೂರುವುದು ಬಲಗಡೆ. ಅವನಿಗೆ ಎಂಜಿನ್ನಿನ ಉದ್ದ ಮೈ ಅಡ್ಡ. ಎಡಗಡೆಯಿದ್ದ ವೆಬ್‌ಗೆ ಗೂಡ್ಸ್ ಗಾಡಿಯ ಬಾಲದ ಕೆಂಪು ದೀಪ ಕಾಣಿಸಿತು. ಕೂಗಿದ. ಕೇಸಿ ಬ್ರೇಕ್ ಹಿಡಿದು, ವೆಬ್‌ಗೆ ಜಿಗಿ ಎಂದ. ವೆಬ್ ಜಿಗಿದ, ಬಿದ್ದು ಪ್ರಜ್ಞೆ ತಪ್ಪಿತು, ಬದುಕಿದ.

ಕೇಸಿ ಜಿಗಿಯಲಿಲ್ಲ. ಗಂಟೆಗೆ ಸುಮಾರು 120 ಕಿಲೋಮೀಟರ್ ವೇಗವನ್ನು ಸುಮಾರು 56ಕ್ಕೆ ಇಳಿಸಿದ. ಹೊತ್ತು 3:52. ಎಂಜಿನ್ ಗಾರ್ಡ್ ಡಬ್ಬಿಯನ್ನು ಸೀಳಿ, ಹುಲ್ಲು ತುಂಬಿದ ಡಬ್ಬಿ, ಜೋಳದ ಡಬ್ಬಿ ದಾಟಿ, ಮರದ ದಿಮ್ಮಿಯ ಡಬ್ಬಿಗೆ ಅರ್ಧ ನುಗ್ಗಿ ಹಳಿ ಬಿಟ್ಟಿತು. ಪ್ರಯಾಣಿಕರಲ್ಲಿ ಒಬ್ಬರೂ ಸಾಯಲಿಲ್ಲ. ಸತ್ತವನು ಕೇಸಿ ಒಬ್ಬನೇ. ವಯಸ್ಸು 37. ಹೆಂಡತಿ ಜೇನಿ, ಮೂವರು ಮಕ್ಕಳು.

ವರದಿ ಹೇಳಿದ್ದು

ಕಂಪನಿಯ ತನಿಖಾ ವರದಿ ಜುಲೈ ತಿಂಗಳಲ್ಲಿ ಬಂತು. ಗೂಡ್ಸ್ ಗಾಡಿಯ ಫ್ಲಾಗ್‌ಮನ್ ನ್ಯೂಬೆರಿ ಹಿಂದಕ್ಕೆ ನಡೆದುಹೋಗಿ ಹಳಿಗೆ ಡಿಟೋನೇಟರ್ ಕಟ್ಟಿದ್ದ, ಲಾಟೀನು ಬೀಸಿದ್ದ, ಕೇಸಿ ಅದನ್ನು ಲೆಕ್ಕಿಸಲಿಲ್ಲ, ಆದ್ದರಿಂದ ಸಂಪೂರ್ಣ ಹೊಣೆ ಅವನದೇ ಎಂದು ಅದರಲ್ಲಿತ್ತು. ಡಿಟೋನೇಟರ್ ಎಂದರೆ ಚಕ್ರ ಹತ್ತಿದ ಕೂಡಲೇ ಢಮ್ಮೆನ್ನುವ ಪಟಾಕಿಯಂಥದ್ದು. ನಮ್ಮ ರೈಲ್ವೆಯವರು ಮಂಜು ಕವಿದಾಗ ಇಂದಿಗೂ ಬಳಸುತ್ತಾರೆ.

ವರದಿಯಲ್ಲಿ ವೆಬ್‌ನ ಹೇಳಿಕೆಯೂ ಇದೆ. ಪಟಾಕಿಯ ಸದ್ದು ಕೇಳಿಸಿತು, ಫ್ಲಾಗ್‌ಮನ್ ಕಾಣಿಸಿದ ಎಂದು. ಆದರೆ ವೆಬ್ 1957ರಲ್ಲಿ ಸಾಯುವ ತನಕ ಹೇಳುತ್ತ ಬಂದದ್ದೇ ಬೇರೆ. ನಾವು ಯಾವ ಫ್ಲಾಗ್‌ಮನ್ನನ್ನೂ ನೋಡಲಿಲ್ಲ, ಯಾವ ಪಟಾಕಿಯೂ ಕೇಳಿಸಲಿಲ್ಲ ಎಂದು.

ಯಾವುದು ನಿಜ ಎಂದು ನಾವು ತೀರ್ಪು ಕೊಡಲು ಹೋಗುವುದಿಲ್ಲ. ಕೇಸಿ ವೇಗವಾಗಿ ಓಡಿಸಿದ್ದು ನಿಜ, ನಿಯಮ ಮುರಿದ ಹಳೆಯ ದಾಖಲೆ ಇದ್ದದ್ದೂ ನಿಜ. ಆದರೆ ಡ್ಯೂಟಿ ಮುಗಿಸಿದವನನ್ನು ಮತ್ತೆ ಹತ್ತಿಸಿದವರು ಯಾರು? 95 ನಿಮಿಷದ ತಡ ಯಾರ ಲೆಕ್ಕಕ್ಕೆ? ಹಳಿಗಿಂತ ಉದ್ದದ ಗಾಡಿಗಳನ್ನು ಅಲ್ಲಿಗೆ ಕಳಿಸಿದವರು ಯಾರು? ಹೊಣೆಯನ್ನು ಒಬ್ಬನ ಮೇಲೆ ಹಾಕಿದಾಗ ಈ ಪ್ರಶ್ನೆಗಳೆಲ್ಲ ಮುಚ್ಚಿಹೋದವು.

ಎಂಜಿನ್ ಒರೆಸುವವನ ಹಾಡು

ಕೇಸಿಯನ್ನು ಉಳಿಸಿದವನು ಕ್ಯಾಂಟನ್‌ನಲ್ಲಿ ಎಂಜಿನ್ ಒರೆಸುವ ಕೆಲಸದಲ್ಲಿದ್ದ ವಾಲೆಸ್ ಸಾಂಡರ್ಸ್. ಅವನೂ ಕಪ್ಪು ಜನಾಂಗದ ಕೂಲಿಕಾರ, ಕೇಸಿಯನ್ನು ಮೆಚ್ಚಿಕೊಂಡಿದ್ದವನು. ಜನಕ್ಕೆ ಗೊತ್ತಿದ್ದ ಒಂದು ಹಳೆಯ ಧಾಟಿಗೆ ಕೇಸಿಯ ಸಾವಿನ ಮಾತು ಸೇರಿಸಿ, ಕೆಲಸ ಮಾಡುತ್ತ ಹಾಡಿಕೊಂಡ. ನಮ್ಮ ಗೀಗೀ ಪದದವರು ಊರಿನ ಘಟನೆಯನ್ನು ಪದ ಕಟ್ಟಿದ ಹಾಗೆ. ಅದು ಹಳಿಯುದ್ದಕ್ಕೂ ಬಾಯಿಂದ ಬಾಯಿಗೆ ಹೋಯಿತು. 1909ರಲ್ಲಿ ಬೇರೆ ಇಬ್ಬರ ಹೆಸರಿನಲ್ಲಿ ಅಚ್ಚಾಗಿ ದೇಶವೆಲ್ಲ ಹಾಡಿತು. ಸಾಂಡರ್ಸ್‌ಗೆ ಅದರ ಹಣ ಬರಲಿಲ್ಲ.

ಅಚ್ಚಾದ ಹಾಡಿನಲ್ಲಿ ಜೇನಿಗೆ ಬೇರೊಬ್ಬ ಗಂಡಸಿನ ಸಂಬಂಧ ಇದೆ ಎನ್ನುವಂಥ ಮಾತು ಸೇರಿಸಿದರು. ನಗಿಸಲು ಹಾಕಿದ್ದು. ಮೂರು ಮಕ್ಕಳನ್ನು ಸಾಕಿ, ಮತ್ತೆ ಮದುವೆಯಾಗದೆ ಬದುಕಿದ ಆಕೆ 1958ರಲ್ಲಿ ಸಾಯುವ ತನಕ ಆ ಸಾಲಿನ ಜೊತೆ ಜಗಳವಾಡಿದರು. ಆಮೇಲೆ 1911ರ ರೈಲ್ವೆ ಮುಷ್ಕರದ ಹೊತ್ತಿನಲ್ಲಿ ಕಾರ್ಮಿಕ ಹಾಡುಗಾರ ಜೋ ಹಿಲ್ ಅದೇ ಧಾಟಿಯಲ್ಲಿ ಕೇಸಿಯನ್ನು ಮುಷ್ಕರ ಮುರಿಯುವವನನ್ನಾಗಿ ಮಾಡಿದ. ನಿಜವಾದ ಕೇಸಿ ಸತ್ತು ಆಗಲೇ ಹನ್ನೊಂದು ವರ್ಷ. ಹಾಡು ಉಳಿಸುತ್ತದೆ, ಆದರೆ ಹಾಡಿಗೂ ಸತ್ತವರನ್ನು ಕೇಳಬೇಕಾಗಿಲ್ಲ.

382ನೇ ಎಂಜಿನ್ನನ್ನು ರಿಪೇರಿ ಮಾಡಿ ಮತ್ತೆ ಓಡಿಸಿದರು. ಅದು ಗುಜರಿಗೆ ಹೋದದ್ದು 1935ರಲ್ಲಿ. ಕೇಸಿಯ ಸಮಾಧಿಗೆ ಕಲ್ಲು ಬಿದ್ದದ್ದು 1947ರಲ್ಲಿ. 1950ರಲ್ಲಿ ರೈಲು ಡ್ರೈವರುಗಳ ಗೌರವಕ್ಕೆ ಅಮೆರಿಕ ಸರ್ಕಾರ ತಂದ ಅಂಚೆಚೀಟಿಯಲ್ಲಿ ಅವನ ಮುಖವಿತ್ತು. ಟೆನೆಸಿಯ ಜಾಕ್ಸನ್ ಊರಿನ ಅವನ ಮನೆ ಈಗ ಮ್ಯೂಸಿಯಂ.

ನಾವು ಈಗ ಕೇಳುವುದು

ಆ ಹೆಣ್ಣುಮಗಳ ಗಂಡನ ಬಗ್ಗೆ ಬರೆದ ಸುದ್ದಿಗೆ ತಿದ್ದುಪಡಿ ಹಾಕಿಸಲು ನಮ್ಮಿಂದ ಆಗಲಿಲ್ಲ. ಸುದ್ದಿ ಹಳೆಯದಾಯಿತು ಎಂದರು. ಅವರ ಮನೆಯಲ್ಲಿ ಆ ಕಟಿಂಗ್ ಇನ್ನೂ ಇರಬಹುದು.

ಈಗ ಅಪಘಾತದ ಸುದ್ದಿ ಬಂದಾಗ ಠಾಣೆಗೆ ಫೋನ್ ಮಾಡಿದ ಮೇಲೆ ಇನ್ನೂ ಒಂದೆರಡು ಕಡೆ ಕೇಳುತ್ತೇವೆ. ಎಷ್ಟು ಗಂಟೆಯಿಂದ ಓಡಿಸುತ್ತಿದ್ದ? ಆ ದಿನ ಅವನ ಪಾಳಿಯೇ ಇತ್ತಾ? ಬೇಗ ತಲುಪು ಎಂದವರು ಯಾರು? ಎಲ್ಲ ಸಲವೂ ಉತ್ತರ ಸಿಗುವುದಿಲ್ಲ. ಸಿಗದಿದ್ದರೆ ಆ ಹಳೆಯ ವಾಕ್ಯವನ್ನು ಬರೆಯದೆ ಬಿಡುತ್ತೇವೆ.

ನಮ್ಮಲ್ಲಿ ಉಗಿ ಎಂಜಿನ್ನುಗಳು 1990ರ ದಶಕದಲ್ಲಿ ನಿಂತುಹೋದವು. ಮೈಸೂರು, ಹುಬ್ಬಳ್ಳಿಯ ರೈಲು ಮ್ಯೂಸಿಯಂಗಳಲ್ಲಿ ಅವು ಬಣ್ಣ ಹಚ್ಚಿಸಿಕೊಂಡು ನಿಂತಿವೆ, ಮಕ್ಕಳು ಹತ್ತಿ ಫೋಟೊ ತೆಗೆಸಿಕೊಳ್ಳುತ್ತಾರೆ. ಅವನ್ನು ಓಡಿಸಿದವರು, ಕಲ್ಲಿದ್ದಲು ಹಾಕಿದವರು, ಒರೆಸಿದವರು ಅರಸೀಕೆರೆ, ಬೀರೂರು, ಗದಗದಂಥ ರೈಲ್ವೆ ಊರುಗಳಲ್ಲಿ ಇನ್ನೂ ಸಿಗಬಹುದು. ನಿಮ್ಮ ಬೀದಿಯಲ್ಲೂ ಅಂಥ ಒಬ್ಬ ತಾತ ಇದ್ದರೆ, ಈ ವಾರ ಒಂದು ಸಂಜೆ ಹೋಗಿ ಪಕ್ಕದಲ್ಲಿ ಕೂತು, ಫೋನಿನಲ್ಲಿ ರೆಕಾರ್ಡ್ ಒತ್ತಿ, ಕೇಳಿ. ಡ್ರೈವರನ್ನು ಮಾತ್ರವಲ್ಲ, ಫೈರ್‌ಮನ್ನನ್ನೂ.