ಡೊಂಬಿವಲಿಯ ಹಳೆ ಲ್ಯಾಪ್‌ಟಾಪೂ ಕಗಪ ಕೀಲಿಮಣೆಯೂ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಬೇಕು, ಪ್ರೊಸೆಸರ್ ಹೊಸದಿರಬೇಕು. ಥಾಣೆ, ಡೊಂಬಿವಲಿ, ಕಲ್ಯಾಣದ ಎಷ್ಟೋ ಕನ್ನಡ ಮನೆಗಳಲ್ಲಿ ಮಗನೋ ಮಗಳೋ ಬಿಟ್ಟುಹೋದ ಲ್ಯಾಪ್‌ಟಾಪು ಇದೆ. ಅಪ್ಪ ಅದರಲ್ಲಿ ಪೇಪರ್ ಓದುತ್ತಾರೆ, ಬ್ಯಾಂಕ್ ಲೆಕ್ಕ ನೋಡುತ್ತಾರೆ, ಸಂಘದ ಸ್ಮರಣ ಸಂಚಿಕೆಗೆ ಲೇಖನ ಟೈಪಿಸುತ್ತಾರೆ. "ಇದನ್ನು ಗುಜರಿಗೆ ಹಾಕಬೇಕೇನಪ್ಪ?" ಎಂದು ನನ್ನನ್ನು ಕೇಳುವವರು ಈಚೆಗೆ ಹೆಚ್ಚಾಗಿದ್ದಾರೆ. ಬೇಡ, ಲಿನಕ್ಸ್ ಹಾಕಿ ಎನ್ನುತ್ತೇನೆ. ಯಾವ ಲಿನಕ್ಸ್ ಎನ್ನಲು ಮಾತ್ರ ಸ್ವಲ್ಪ ಹಿಂದಕ್ಕೆ ಹೋಗಬೇಕು.

1996ರಲ್ಲಿ ಪಿಸಿಕ್ವೆಸ್ಟ್ ಪತ್ರಿಕೆ ತನ್ನ ಸಿ.ಡಿ.ಯಲ್ಲಿ ಲಿನಕ್ಸ್ ಹಂಚಿತು. ಅದರ ಹಿಂದೆ ಇದ್ದವರು ಬೆಂಗಳೂರಿನ ಅತುಲ್ ಚಿಟ್ನಿಸ್. ಡಯಲ್‌ಅಪ್ ಕಾಲದಲ್ಲಿ ಇಡೀ ಸಿಸ್ಟಮ್ ಇಳಿಸಿಕೊಳ್ಳುವುದು ಕನಸಿನ ಮಾತು, ಹಾಗಾಗಿ ಆ ಸಿ.ಡಿ.ಗೆ ಬೆಲೆ ಇತ್ತು. ಆದರೂ ಅದು ಕಪ್ಪು ಪರದೆಗೆ ಹೆದರದವರ ಸರಕು. ಸಾಮಾನ್ಯ ಬಳಕೆದಾರನನ್ನು ನಿಜಕ್ಕೂ ಲೆಕ್ಕಕ್ಕೆ ತೆಗೆದುಕೊಂಡದ್ದು 2004ರ ಅಕ್ಟೋಬರಿನಲ್ಲಿ ಬಂದ ಉಬುಂಟು. ಕೇಳಿದವರಿಗೆ ಪುಕ್ಕಟೆ ಸಿ.ಡಿ.ಯನ್ನು ಅಂಚೆಯಲ್ಲೇ ಕಳಿಸುತ್ತಿತ್ತು, 2011ರವರೆಗೂ. ಅದರ ತಳಹದಿಯ ಮೇಲೆ 2006ರಲ್ಲಿ ಮಿಂಟ್ ಹುಟ್ಟಿತು. ಕೆಳಗೆ ಪಟ್ಟಿ, ಎಡಮೂಲೆಯಲ್ಲಿ ಮೆನು: ವಿಂಡೋಸ್ ಕಂಡವರಿಗೆ ಹೊಸತೇನೂ ಕಲಿಯಬೇಕಿಲ್ಲ.

ಸರ್ಕಾರದ್ದೂ ಒಂದಿದೆ. ನಮ್ಮ ಖಾರ್ಘರ್‌ನಲ್ಲೂ ಕಚೇರಿಯುಳ್ಳ ಸಿ-ಡ್ಯಾಕ್, ತನ್ನ ಚೆನ್ನೈ ಕೇಂದ್ರದಿಂದ 2007ರಲ್ಲಿ ಬಾಸ್ ಲಿನಕ್ಸ್ ತಂದಿತು. ಭಾರತೀಯ ಭಾಷೆಗಳ ಕಾಳಜಿ ದೊಡ್ಡದೇ. ಆದರೆ ಮನೆಯಲ್ಲಿ ಒಬ್ಬರೇ ಇರುವ ಹಿರಿಯರಿಗೆ ಅದನ್ನು ಹೇಳಲು ನನಗೆ ಧೈರ್ಯವಿಲ್ಲ. ತೊಡಕಾದಾಗ ಪಕ್ಕದ ಮನೆಯ ಹುಡುಗನಿಗೆ ಗೊತ್ತಿರುವುದು ಉಬುಂಟು ಅಥವಾ ಮಿಂಟ್.

ನಮ್ಮವರ ನಿಜವಾದ ಭಯ ಕನ್ನಡದ್ದು. ಇದು ನ್ಯಾಯವಾದದ್ದೇ, ಏಕೆಂದರೆ ನುಡಿ ತಂತ್ರಾಂಶ ವಿಂಡೋಸಿಗಾಗಿ ಬಂದದ್ದು. ಆದರೆ ಬೆರಳಿಗೆ ಅಭ್ಯಾಸವಾದ ಆ ಕೀಲಿವಿನ್ಯಾಸ ವಿಂಡೋಸಿನದಲ್ಲ. ಅದು ಕಿನ್ನಿಕಂಬಳದ ಕೆ.ಪಿ. ರಾವ್ ಅವರದು, ನಮ್ಮ ಹಾಗೆಯೇ ಮುಂಬೈಗೆ ಬಂದು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದುಡಿದವರು. ಕರ್ನಾಟಕ ಸರ್ಕಾರ ಅದನ್ನೇ ಅಧಿಕೃತಗೊಳಿಸಿತು. ಇಂದು ಮಿಂಟ್‌ನ ಕೀಬೋರ್ಡ್ ಪಟ್ಟಿಯಲ್ಲಿ ಕನ್ನಡದ ಕೆಳಗೆ ಕಗಪ ಎಂದೇ ಸಿಗುತ್ತದೆ. ಒತ್ತಕ್ಷರಕ್ಕೆ ಎಫ್ ಒತ್ತುವ ಬೆರಳು ಅಲ್ಲೂ ಎಫ್ ಮೇಲೇ ಬೀಳುತ್ತದೆ. (ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕೇರಳದ ಶಾಲಾ ಲಿನಕ್ಸ್‌ನಲ್ಲೇ ಕಂಪ್ಯೂಟರ್ ಕಲಿಯುತ್ತಾರೆ. ಅವರಿಗೆ ಈ ಭಯವೇ ಅರ್ಥವಾಗಲಿಕ್ಕಿಲ್ಲ.)

ತೊಡಕು ಇರುವುದು ಹಳೆಯ ಕಡತಗಳಲ್ಲಿ. ಯುನಿಕೋಡ್ ಅಲ್ಲದ ನುಡಿ ಕಡತ, ಅದರ ಫಾಂಟ್ ಇಲ್ಲದೆ ತೆರೆದರೆ ಬರೀ ಇಂಗ್ಲಿಷ್ ಚಿಹ್ನೆಗಳ ಗೊಜ್ಜು. ಹತ್ತು ವರ್ಷ ಸಂಚಿಕೆಗೆ ಬರೆದವರ ಲೇಖನವೆಲ್ಲ ಹಾಗೆ ಕಂಡರೆ ಎದೆ ಒಡೆಯುತ್ತದೆ. ಆದ್ದರಿಂದ ವಿಂಡೋಸ್ ಇನ್ನೂ ಬದುಕಿರುವಾಗಲೇ ಎಲ್ಲವನ್ನೂ ಯುನಿಕೋಡಿಗೆ ಪರಿವರ್ತಿಸಿ ಪೆನ್‌ಡ್ರೈವಿನಲ್ಲಿ ಎರಡು ಪ್ರತಿ ಇಡಿ. ಆಮೇಲೆ ಇನ್ನೊಂದು ಪೆನ್‌ಡ್ರೈವಿನಿಂದ ಮಿಂಟ್ ಚಾಲೂ ಮಾಡಿ, ಏನನ್ನೂ ಅಳಿಸದೆ, ವೈಫೈ, ಪ್ರಿಂಟರ್, ಧ್ವನಿ ನೋಡಿ. 4 ಜಿಬಿ ರ‍್ಯಾಮ್ ಇದ್ದರೆ ಎಕ್ಸ್‌ಎಫ್‌ಸಿಇ ಆವೃತ್ತಿ ಸಾಕು. ಟ್ಯಾಲಿ ನೆಚ್ಚಿಕೊಂಡ ಅಂಗಡಿಯವರು ಮಾತ್ರ ಈ ಗೋಜಿಗೆ ಬರಬೇಡಿ.